‘ಬೋರ್ಡ್ ಹೋಗಿದೆ’ ಎನಿಸಿಕೊಂಡ ರೂಟರ್ ಹದಿನಾಲ್ಕು ತಿಂಗಳಿಂದ ಓಡುತ್ತಿದೆ

ತೀರ್ಥಹಳ್ಳಿ ಕಡೆಯ ನಮ್ಮ ಊರಿನಲ್ಲಿ ಗುಡುಗು-ಮಿಂಚಿಗೆ ರೂಟರ್ ಸುಡುವುದು ಹೊಸದೇನಲ್ಲ. ಆದ್ದರಿಂದ ಕಳೆದ ವರ್ಷ ಮೇ ಕೊನೆಯಲ್ಲಿ ನಮ್ಮ ಫೈಬರ್ ರೂಟರ್ ಕೆಟ್ಟಾಗ ಎಲ್ಲರೂ ಮಿಂಚನ್ನೇ ದೂರಿದರು. ಸಂಪರ್ಕ ಕೊಟ್ಟವರ ಕಡೆಯ ಹುಡುಗ ಬಂದು ನೋಡಿ, ‘ಬೋರ್ಡ್ ಹೋಗಿದೆ, ಹೊಸದಕ್ಕೆ ಎರಡು ಸಾವಿರದ ಇನ್ನೂರು’ ಎಂದ. ಅಕ್ಕನ ಮಗನೂ ‘ಮಾವ, ಅದನ್ನು ಗುಜರಿಗೆ ಹಾಕಿ’ ಎಂದ.

ನನಗೆ ಒಪ್ಪಿಗೆಯಾಗಲಿಲ್ಲ. ಮಿಂಚು ಹೊಡೆದ ಬೋರ್ಡ್ ಒಂದು ದೀಪವನ್ನೂ ಹತ್ತಿಸದೆ ಬಿದ್ದಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಇದು ಹಾಗಿರಲಿಲ್ಲ. ಪವರ್ ದೀಪ ಬರುತ್ತಿತ್ತು, ಫೈಬರ್ ಸಂಪರ್ಕ ಸಿಕ್ಕಿದ್ದನ್ನು ತೋರಿಸುವ ಪಾನ್ ದೀಪ ಮಿಣುಕದೆ ಉರಿಯುತ್ತಿತ್ತು, ಸಿಗ್ನಲ್ ತಪ್ಪಿದರೆ ಹತ್ತುವ ಎಲ್‌ಒಎಸ್ ದೀಪ ಕೆಂಪಾಗುತ್ತಿರಲಿಲ್ಲ. ವೈ-ಫೈ ದೀಪ ಹತ್ತುವ ಹೊತ್ತಿಗೆ ಸರಿಯಾಗಿ ಎಲ್ಲವೂ ಆರಿ ಮೊದಲಿನಿಂದ ಶುರುವಾಗುತ್ತಿತ್ತು. ಅದೃಷ್ಟಕ್ಕೆ ಒಮ್ಮೆ ಒಂದೆರಡು ನಿಮಿಷ ಆರದೆ ಓಡಿತು. ಅಷ್ಟರಲ್ಲೇ ಕಂಪ್ಯೂಟರಿನಿಂದ ಲ್ಯಾನ್ ಕೇಬಲ್ ಸಿಕ್ಕಿಸಿ ರೂಟರಿನ ಸೆಟ್ಟಿಂಗಿನ ಒಳಹೊಕ್ಕು ವೈ-ಫೈಯನ್ನು ಆರಿಸಿಬಿಟ್ಟೆ. ಆಮೇಲೆ ಸಂಜೆಯವರೆಗೂ ಅಲುಗಾಡದೆ ಓಡಿತು! ವೈ-ಫೈ ರೇಡಿಯೋ ಎಳೆಯುವ ಹೆಚ್ಚಿನ ಕರೆಂಟನ್ನು ಯಾರೋ ಕೊಡುತ್ತಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು.

ಆದರೆ ಬಿಚ್ಚಿಟ್ಟ ಅಡಾಪ್ಟರಿಗೆ ಮೀಟರ್ ಹಿಡಿದರೆ 12.1 ವೋಲ್ಟ್, ಬೇಕಾದ ಹನ್ನೆರಡಕ್ಕೆ ಸರಿಯಾಗಿಯೇ ಇತ್ತು. ಇಲ್ಲಿಯೇ ನಾನು ಎರಡು ದಿನ ಕಳೆದುಕೊಂಡೆ. ಬೈಕಿನ ಇಂಡಿಕೇಟರಿನ 10 ವಾಟ್ ಬಲ್ಬನ್ನು ಲೋಡಾಗಿ, ಅಂದರೆ ಕರೆಂಟ್ ಎಳೆಯಲೆಂದು, ಹಾಕಿದೆ, ಅಡಾಪ್ಟರ್ ಮಿಣುಕಿ ನಿಂತಿತು. ಸಿಕ್ಕಿತು ಎಂದುಕೊಂಡು, ಖಾತ್ರಿಗೆ ಸರಿಯಿದ್ದ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರಿಗೆ ಹಾಕಿದರೆ ಅದೂ ಮಿಣುಕಿತು. ಬಲ್ಬಿನ ತಂತಿ ತಣ್ಣಗಿರುವಾಗ ಹಲವು ಪಟ್ಟು ಕರೆಂಟ್ ಎಳೆಯುವುದು ಆಗ ನೆನಪಾಯಿತು. ಕೊನೆಗೆ ರೂಟರನ್ನೇ ಲೋಡಾಗಿಟ್ಟು ಓಡುತ್ತಿರುವಾಗಲೇ ಅಳೆದೆ. ವೈ-ಫೈ ಏಳುತ್ತಿದ್ದಂತೆ ಒಂಬತ್ತು ವೋಲ್ಟಿನ ಆಸುಪಾಸಿಗೆ ಕುಸಿಯಿತು.

ಪೇಟೆಯಲ್ಲಿ 180 ರೂಪಾಯಿಗೆ ಹೊಸ ಅಡಾಪ್ಟರ್ ತಂದೆ. ಮೇಲೆ 2 ಆಂಪಿಯರ್ ಎಂದು ಬರೆದಿತ್ತು, ಕೈಯಲ್ಲಿ ಹಿಡಿದರೆ ಬೆಂಕಿಪೊಟ್ಟಣದ ತೂಕ. ವಾರಕ್ಕೆ ಮುಗಿಯಿತು, ಹಣ ದಂಡ. ಹಾಗಾಗಿ ಹಳೆಯದನ್ನೇ ತೆರೆದೆ. ಅಂಟಿಸಿದ ಡಬ್ಬಿಯನ್ನು ಗೀರು ಬೀಳದಂತೆ ತೆರೆಯುವ ನನ್ನ ವಿಧಾನವನ್ನು ಇಲ್ಲಿ ಬರೆಯುವುದಿಲ್ಲ, ಅದು ಹಲವು ಡಬ್ಬಿಗಳನ್ನು ಒಡೆದು ಕಲಿತದ್ದು. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ (ವಿದ್ಯುತ್ತನ್ನು ಹಿಡಿದಿಡುವ ಭಾಗ) ಪ್ಲಗ್ ತೆಗೆದ ಮೇಲೂ ಮುನ್ನೂರು ವೋಲ್ಟಿನ ಮೇಲೆ ಉಳಿದಿರಬಹುದು, ಅದನ್ನು ಮೊದಲು ಖಾಲಿಮಾಡಿಯೇ ಕೈ ಹಾಕಿ.

ಔಟ್‌ಪುಟ್ ಕಡೆಯ 1000 ಮೈಕ್ರೋಫ್ಯಾರಡ್ ಕೆಪಾಸಿಟರಿನ ತಲೆ ಉಬ್ಬಿತ್ತು. ಹಳೆಯ ಟಿವಿ ಬೋರ್ಡಿನಿಂದ ಕಿತ್ತ, 85 ಡಿಗ್ರಿ ಬಿಸಿಯವರೆಗೆ ತಡೆಯುವುದನ್ನು ಹಾಕಿದೆ, ನಾಲ್ಕು ದಿನ ಬಂತು. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಿಂದ 105 ಡಿಗ್ರಿಯ, 25 ವೋಲ್ಟಿನ, ಲೋ ಇಎಸ್‌ಆರ್ (ಒಳಗಿನ ಪ್ರತಿರೋಧ ಕಡಿಮೆ ಇರುವ) ಕೆಪಾಸಿಟರುಗಳನ್ನು ತಂದೆ. ಒಂದಕ್ಕೆ ಹನ್ನೆರಡೋ ಹದಿನೈದೋ ರೂಪಾಯಿ. ಅದೇ ಇವತ್ತಿಗೂ ಓಡುತ್ತಿದೆ, ವೈ-ಫೈ ಏಳುವಾಗಲೂ 11.9ರ ಕೆಳಗೆ ಇಳಿಯುವುದಿಲ್ಲ.

ಬೆಂಗಳೂರಿಗೆ ಹೋಗುವವರೆಗೆ ಮಗಳ ಕೆಲಸ ನಿಲ್ಲಬಾರದೆಂದು ಹಳೆಯ ಯುಪಿಎಸ್‌ನ 7 ಆಂಪಿಯರ್-ಅವರ್ ಬ್ಯಾಟರಿಯಿಂದ ನೇರವಾಗಿ ಓಡಿಸಿದ್ದೆ. ಹಳೆಯ ಬ್ಯಾಟರಿಯಾದರೂ ಆರು ಗಂಟೆ ಬಂತು. ಚಾರ್ಜರ್ ಹಾಕಿಕೊಂಡೇ ಓಡಿಸಿದಾಗ ಮಾತ್ರ 13.8ಕ್ಕೆ ಏರಿ ರೂಟರ್ ಬಿಸಿಯಾಯಿತು, ಅದನ್ನು ಕೈಬಿಟ್ಟೆ. ನಡುವೆ ಒಂದು ವೋಲ್ಟೇಜ್ ಇಳಿಸುವ ಬೋರ್ಡ್ ಹಾಕಿ ಮುಂದಿನ ಮಳೆಗಾಲಕ್ಕೆ ಮತ್ತೆ ಪ್ರಯತ್ನಿಸುತ್ತೇನೆ.

ಮೊನ್ನೆ ಅಕ್ಕನ ಮಗ ಊರವರು ಎಸೆದ ಮೂರು ಅಡಾಪ್ಟರುಗಳನ್ನು ತಂದು ಮೇಜಿನ ಮೇಲಿಟ್ಟ. ಎರಡರಲ್ಲಿ ಅದೇ ಕೆಪಾಸಿಟರ್ ಉಬ್ಬಿತ್ತು. ಮೂರನೆಯದರಲ್ಲಿ ಪಿನ್ನಿನ ಬುಡದಲ್ಲಿ ವಯರ್ ಒಳಗೇ ತುಂಡಾಗಿತ್ತು, ಹತ್ತು ನಿಮಿಷದ ಕೆಲಸ.