ಕಲಬುರಗಿಗೆ ಹೊಸದಾಗಿ ಬಂದವರಿಗೆ: ಬಾಡಿಗೆ ಮನೆ, ವಿಳಾಸ, ಸರ್ಕಾರಿ ಸೂರು

ಹಳ್ಳಿಯಿಂದಲೋ ತಾಂಡಾದಿಂದಲೋ ಬೇರೆ ಜಿಲ್ಲೆಯಿಂದಲೋ ಕಲಬುರಗಿಗೆ ಬಂದು ಮನೆ ಮಾಡಿದ ಎಲ್ಲರಿಗೂ ಸಂಘದ ನಮಸ್ಕಾರ. ಮಕ್ಕಳ ಓದು, ದವಾಖಾನೆ, ಕೆಲಸ, ವರ್ಗಾವಣೆ ಅಂತ ಬರುವವರು ಜಾಸ್ತಿ. 2011ರ ಜನಗಣತಿಯಲ್ಲೇ ಊರಿನ ಜನ 5 ಲಕ್ಷ ದಾಟಿದ್ದರು. ಈಗ ರಿಂಗ್ ರಸ್ತೆಯ ಆಚೆಗೂ ಬಡಾವಣೆಗಳು ಎದ್ದಿವೆ. ಮನೆ ಹೇಗೋ ಸಿಗುತ್ತೆ. ಆದರೆ ಸಿಕ್ಕ ಮನೆಯ ವಿಳಾಸವನ್ನು ಮೊದಲ ತಿಂಗಳಿಂದಲೇ ಕಾಗದದ ಮೇಲೆ ತನ್ನಿ. ಮುಂದೆ ಸರ್ಕಾರದ ಮನೆಗೆ ಅರ್ಜಿ ಹಾಕುವಾಗ ಕೇಳುವುದು ಅದನ್ನೇ.

ಬಾಡಿಗೆ ಮನೆ ನೋಡುವಾಗ

ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ ಅಂತ ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ನಗರದ ಕೆಲವು ವಾರ್ಡ್‌ಗಳಲ್ಲಿ 24 ಗಂಟೆ ನೀರಿನ ವ್ಯವಸ್ಥೆ ಇದೆ, ಎಲ್ಲ ಕಡೆ ಇಲ್ಲ. ಮನೆ ನೋಡಲು ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ. ಮೇಲಂತಸ್ತಿನ ಮನೆಯಾದರೆ ಗೋಡೆಗೆ ಕೈ ಇಟ್ಟು ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 42 ಡಿಗ್ರಿ ದಾಟುತ್ತೆ, ಸಣ್ಣ ಮಕ್ಕಳಿದ್ದರೆ ಕೆಳಗಿನ ಮನೆಯೇ ವಾಸಿ. ಶಹಾಬಾದ್ ಕಲ್ಲು ಹಾಸಿದ ನೆಲವಿದ್ದರೆ ಇನ್ನೂ ಒಳ್ಳೆಯದು.

11 ತಿಂಗಳಿನದಾದರೂ ಸರಿ, ಕರಾರು ಪತ್ರ ಮಾಡಿಸಿಕೊಳ್ಳಿ. ಡಿಪಾಸಿಟ್ ಎಷ್ಟು ಕೊಟ್ಟಿರಿ ಅನ್ನೋದು ಅದರಲ್ಲಿ ಬರೆದಿರಲಿ. ಲೈಟ್ ಬಿಲ್ಲಿನ ಮೇಲಿನ ಆರ್‌ಆರ್ ಸಂಖ್ಯೆ (ಆ ಮನೆಯ ಕರೆಂಟ್ ಸಂಪರ್ಕದ ಸಂಖ್ಯೆ) ಬರೆದಿಟ್ಟುಕೊಳ್ಳಿ, ಒಳಗೆ ಬಂದ ದಿನವೇ ಮೀಟರಿನ ಫೋಟೋ ತೆಗೆಯಿರಿ. 2023ರ ಆಗಸ್ಟ್‌ನಲ್ಲಿ ನಮ್ಮ ಊರಿನಲ್ಲೇ ಚಾಲನೆ ಸಿಕ್ಕ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಹಿಂದಿನ ಮನೆಯ ನೋಂದಣಿ ಡಿ-ಲಿಂಕ್ ಮಾಡಿಸಿ, ಈ ಮನೆಯ ಆರ್‌ಆರ್ ಸಂಖ್ಯೆಗೆ ಆಧಾರ್ ಜೋಡಿಸಬೇಕು.

ಕಾಗದಗಳು

ಆಧಾರ್ ವಿಳಾಸ ಬದಲಿಸಿ. ಮತದಾರರ ಪಟ್ಟಿಗೆ ನಮೂನೆ 8 ಕೊಡಿ. ಹಳೆಯ ಕರಾರು ಪತ್ರ, ಮಕ್ಕಳ ಶಾಲೆಯ ದಾಖಲೆ ಯಾವುದನ್ನೂ ಬಿಸಾಡಬೇಡಿ. ಕಲ್ಯಾಣ ಕರ್ನಾಟಕದವರಿಗೆ ಓದಿನ ಸೀಟು, ಸರ್ಕಾರಿ ಕೆಲಸದಲ್ಲಿ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆಯಲ್ಲ, ಈ ಭಾಗದಲ್ಲಿ ಹುಟ್ಟದವರೂ 10 ವರ್ಷ ಇಲ್ಲಿ ವಾಸವಿದ್ದದ್ದು ತೋರಿಸಿದರೆ ಅದರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಮಗುವಿನ ಮೆಡಿಕಲ್ ಸೀಟಿನ ಹೊತ್ತಿಗೆ ಹತ್ತು ವರ್ಷದ ಹಿಂದಿನ ಕಾಗದ ಹುಡುಕಿ ಅಲೆಯುವ ತಂದೆ ತಾಯಿಯನ್ನು ನೋಡಿದರೆ ಹೊಟ್ಟೆ ಉರಿಯುತ್ತೆ.

ಸರ್ಕಾರದ ಮನೆ

ನಗರದಲ್ಲಿ ಆಶ್ರಯ ಮನೆಗಳ (ಸರ್ಕಾರ ಬಡವರಿಗೆ ಕೊಡುವ ಮನೆಗಳ) ಫಲಾನುಭವಿಗಳನ್ನು ಆರಿಸುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ಅರ್ಜಿಯ ವಿಚಾರಣೆಗೆ ಮಹಾನಗರ ಪಾಲಿಕೆಗೆ ಹೋಗಿ. ಘೋಷಿತ ಕೊಳಗೇರಿಯಲ್ಲಿ ಇರುವವರಿಗೆ ಕೊಳಗೇರಿ ಅಭಿವೃದ್ಧಿ ಮಂಡಳಿ ಬೇರೆಯೇ ಇದೆ. ದುಡ್ಡು ಕೂಡಿಟ್ಟವರಿಗೆ ಕರ್ನಾಟಕ ಗೃಹ ಮಂಡಳಿಯ ನಿವೇಶನಗಳು.

2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ಕ್ಕೆ ವರ್ಷದ ಆದಾಯ 9 ಲಕ್ಷದ ಒಳಗಿರಬೇಕು. 3 ಲಕ್ಷದ ಒಳಗಿನವರದು ಒಂದು ವರ್ಗ, 6 ಲಕ್ಷದವರೆಗೆ ಇನ್ನೊಂದು, 9ರವರೆಗೆ ಮತ್ತೊಂದು. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ.

"ಮೂರು ಮಕ್ಕಳಿದ್ದಾರೆ, ನಮಗೆ ಮನೆ ಕೊಡ್ತಾರಾ?" ಅಂತ ತಾಯಂದಿರು ಹೆದರಿಕೊಂಡು ಕೇಳುತ್ತಾರೆ. ಈ ಯೋಜನೆಯಲ್ಲಿ ಅಂಥ ಮಿತಿ ಇಲ್ಲ. ಮಕ್ಕಳ ಲೆಕ್ಕಕ್ಕೂ ಮನೆಗೂ ಗಂಟು ಹಾಕಿದ ದೇಶ ಇಲ್ಲದಿಲ್ಲ. ಸಿಂಗಪುರದಲ್ಲಿ 1970ರ ದಶಕದಲ್ಲಿ ಎರಡೇ ಮಕ್ಕಳು ಸಾಕು ಅಂತ ಪ್ರಚಾರ ಮಾಡಿ, ದೊಡ್ಡ ಕುಟುಂಬಗಳಿಗೆ ಸರ್ಕಾರಿ ಮನೆಯಲ್ಲಿದ್ದ ಆದ್ಯತೆ ತೆಗೆದರು. 1987ರಲ್ಲಿ ಅದೇ ಸರ್ಕಾರ, ಸಾಕುವ ಶಕ್ತಿ ಇದ್ದರೆ ಮೂರು ಅಥವಾ ಹೆಚ್ಚು ಮಕ್ಕಳು ಮಾಡಿಕೊಳ್ಳಿ ಅಂದಿತು. ಹುಟ್ಟಿದ ಮಗುವಿನ ತಲೆ ಮೇಲಿನ ಸೂರಿಗೆ ಇಂಥ ಲೆಕ್ಕ ಕಟ್ಟುವುದು ತಪ್ಪು ಅನ್ನುವುದೇ ನಮ್ಮ ಅಭಿಪ್ರಾಯ. ಆದ್ದರಿಂದ ಅರ್ಜಿಯಲ್ಲಿ ಮಕ್ಕಳ ಹೆಸರು ಮುಚ್ಚಿಡಬೇಡಿ.

ತಾಂಡಾದವರಿಗೆ ಇನ್ನೊಂದು ಮಾತು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ನಿಮ್ಮ ಮನೆಯವರಿಗೂ ಸಿಕ್ಕಿದ್ದರೆ ಅದು ಊರಲ್ಲಿ ಯಾರ ಕೈಯಲ್ಲಿದೆ ಅಂತ ಈಗಲೇ ವಿಚಾರಿಸಿ.

ಬಾಂಡ್ ಮೇಲೆ ಮನೆ ಕೊಳ್ಳಬೇಡಿ

ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಹೊಸಬರ ದುಡ್ಡು ಜಾಸ್ತಿ ಮುಳುಗುವುದು ಇಲ್ಲೇ. "ಆಶ್ರಯ ಮನೆ ಇದೆ ಅಣ್ಣಾ, ಬಾಂಡ್ ಮೇಲೆ ಬರೆದು ಕೊಡ್ತೀವಿ, ನೋಟರಿ ಮಾಡಿಸೋಣ" ಅಂತ ಯಾರಾದರೂ ಬಂದೇ ಬರುತ್ತಾರೆ. ಕಾಗದದ ಮೇಲೆ ಸ್ಟಾಂಪ್, ಸೀಲು, ಎರಡು ಸಾಕ್ಷಿ ಎಲ್ಲ ಇರುತ್ತೆ. ಮನೆ ಮಾತ್ರ ನಿಮ್ಮದಾಗುವುದಿಲ್ಲ. 100 ರೂಪಾಯಿ ಅಥವಾ ಹೆಚ್ಚಿನ ಬೆಲೆಯ ಮನೆ, ಜಾಗ ಮಾರಾಟವಾಗಬೇಕಾದರೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಮಂಜೂರಾದ ಮನೆಯನ್ನು ಇಷ್ಟು ವರ್ಷ ಮಾರುವಂತಿಲ್ಲ ಅಂತ ಹಕ್ಕುಪತ್ರದಲ್ಲೇ ಷರತ್ತು ಇರುತ್ತೆ. ಓದಲು ಬರದಿದ್ದರೆ ಓದಿಸಿ ಕೇಳಿ.

ರಿಂಗ್ ರಸ್ತೆಯ ಆಚೆ ಕಡಿಮೆ ದರಕ್ಕೆ ಪ್ಲಾಟ್ ತೋರಿಸಿದರೂ ಹಾಗೆಯೇ. ಎನ್ಎ ಆಗಿದೆಯಾ (ಹೊಲ ಕೃಷಿಯೇತರ ಜಮೀನಾಗಿ ಬದಲಾಗಿದೆಯಾ), ಲೇಔಟ್ ಮಂಜೂರಾಗಿದೆಯಾ, ಇ-ಖಾತಾ ಯಾರ ಹೆಸರಿನಲ್ಲಿದೆ ಅಂತ ನೋಡಿ. ಇಸಿ (ಜಾಗದ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸುವ ಪತ್ರ) ತೆಗೆಸಿ. ಇಷ್ಟು ಕೇಳಿದ್ದಕ್ಕೆ ಮಾರುವವರು ಸಿಟ್ಟಾದರೆ ಎದ್ದು ಬನ್ನಿ. ಅಡ್ವಾನ್ಸ್ ಆಮೇಲೆ.

ಗಣತಿಯವರು ಬಂದಾಗ

ಮುಂದಿನ ಜನಗಣತಿಯ ಲೆಕ್ಕ 2027ರ ಮಾರ್ಚ್ 1ರದು. ರೇಷನ್ನಿನಿಂದ ಹಿಡಿದು ಎಷ್ಟೋ ಹಂಚಿಕೆ ಇಲ್ಲಿಯವರೆಗೆ 2011ರ ಅಂಕಿಯ ಮೇಲೇ ನಡೆದಿದೆ. ಆಗ ಈ ಊರಲ್ಲಿ ಇಲ್ಲದವರು ಈ ಊರಿನ ಲೆಕ್ಕದಲ್ಲೂ ಇಲ್ಲ. "ನಾವು ಊರಲ್ಲೇ ಬರೆಸ್ತೀವಿ" ಅಂತ ಸುಮ್ನೆ ಕಳಿಸಿಬಿಡಬೇಡಿ. ಇಲ್ಲಿ ವಾಸವಿದ್ದರೆ ಇಲ್ಲೇ ಬರೆಸಿ.

ಅರ್ಜಿ ತುಂಬಲು, ಕರಾರು ಪತ್ರ ಓದಿಸಲು ಸಂಘದ ಕಚೇರಿಗೆ ಬನ್ನಿ, ದುಡ್ಡು ತೆಗೆದುಕೊಳ್ಳುವುದಿಲ್ಲ. ಬರುವಾಗ ಆಧಾರ್, ಕರಾರು ಪತ್ರ, ಇತ್ತೀಚಿನ ಲೈಟ್ ಬಿಲ್ ಮೂರೂ ತನ್ನಿ.