ಹಳೇ ಸಿಟಿ ವಿಟೆಕ್‌ಗೆ ಹೊಸ ಇಸಿಯು: ಲ್ಯಾಪ್‌ಟಾಪ್ ತೆರೆಯುವ ಮುಂಚಿನ ಕೆಲಸವೇ ಜಾಸ್ತಿ

ಹೋಂಡಾ ಸಿಟಿ 1.5 ವಿಟೆಕ್, 106 ಬಿಎಚ್‌ಪಿ. ನಮ್ಮಂಥವರ ಕೈಗೆಟುಕಿದ ಸ್ಪೋರ್ಟ್ಸ್ ಕಾರು ಅಂದರೆ ಇದೇ. ಬಳ್ಳಾರಿಯ ಗ್ಯಾರೇಜಲ್ಲಿ ಇದೇ ಗಾಡಿಯ ಕಂಪನಿ ಇಸಿಯು (ಇಂಜಿನ್‌ಗೆ ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಅಂತ ಹೇಳುವ ಕಂಪ್ಯೂಟರ್) ತೆಗೆದು ಸ್ಟ್ಯಾಂಡ್‌ಅಲೋನ್ ಇಸಿಯು, ಅಂದರೆ ಲ್ಯಾಪ್‌ಟಾಪಲ್ಲಿ ನಾವೇ ಲೆಕ್ಕ ಬರೆಯುವಂಥದ್ದು, ಹಾಕಿದ್ದೇವೆ. ಹೇಗೆ ಅಂತ ಹುಡುಗರು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಬರೀ ಫಿಲ್ಟರ್, ಸೈಲೆನ್ಸರ್ ಬದಲಾಯಿಸಿದ್ದರೆ ಇದು ನಿಮಗೆ ಬೇಡ, ದುಡ್ಡು ಉಳಿಸಿ. ಬೇರೆ ಕ್ಯಾಮ್ (ವಾಲ್ವ್ ತೆರೆಸುವ ದಂಡ), ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ನಳಿಕೆ) ಅಥವಾ ಟರ್ಬೊ ಹಾಕಿದಾಗ ಮಾತ್ರ ಹಳೇ ಇಸಿಯುನ ಲೆಕ್ಕ ತಪ್ಪುತ್ತದೆ, ಆಗ ಬೇಕು. ಇನ್ನೊಂದು, ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಆರ್‌ಸಿ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ನಮ್ಮದು ಟ್ರ್ಯಾಕ್ ಗಾಡಿ. ಲಾರಿ ಮೇಲೆ ಹೋಗುತ್ತದೆ, ಲಾರಿ ಮೇಲೆ ಬರುತ್ತದೆ. ಹೊಸ ಕಾರುಗಳಲ್ಲಿ ಮೀಟರ್, ಎಸಿ, ಎಬಿಎಸ್ ಎಲ್ಲವೂ ಇಸಿಯು ಜೊತೆ ಒಂದೇ ಲೈನಲ್ಲಿ ಮಾತಾಡುತ್ತವೆ, ಅದನ್ನು ಕಿತ್ತರೆ ಉಳಿದವೂ ಕೈಕೊಡುತ್ತವೆ. ಕಲಿಯೋದಕ್ಕೆ ಹಳೇ ಗಾಡಿಯೇ ವಾಸಿ.

ಶುರು ಮಾಡೋ ಮುಂಚೆ ಇಂಜಿನ್ ಆರೋಗ್ಯ ನೋಡಿ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಯಿರಿ, ವ್ಯಾಕ್ಯೂಮ್ ಪೈಪ್ ಸೀಳಿದೆಯಾ ನೋಡಿ, ಪ್ಲಗ್ ಹೊಸದು ಹಾಕಿ. ರೋಗ ಇರೋ ಇಂಜಿನ್‌ಗೆ ಎಷ್ಟು ಟ್ಯೂನ್ ಮಾಡಿದರೂ ಅಷ್ಟೇ.

ಈಗ ವೈರಿಂಗ್. ಹಳೇ ಹಾರ್ನೆಸ್ (ವೈರ್‌ಗಳ ಕಟ್ಟು) ಕತ್ತರಿಸಬೇಡಿ. ಇಸಿಯು ಸಾಕೆಟ್‌ಗೆ ಹೊಂದುವ ಅಡಾಪ್ಟರ್ ಸಿಕ್ಕರೆ ತಗೊಳ್ಳಿ, ಇಲ್ಲಾಂದ್ರೆ ಒಂದೊಂದೇ ಪಿನ್ ಬಿಚ್ಚಿ, ಟೇಪ್ ಸುತ್ತಿ ಹೆಸರು ಬರೆದು, ಫೋಟೋ ತೆಗೆದು ಮುಂದಕ್ಕೆ ಹೋಗಿ. ಜಾಯಿಂಟ್‌ಗಳಿಗೆ ಕ್ರಿಂಪ್ ಒಳ್ಳೇದು, ಬೆಸುಗೆ ಹಾಕಿದ ಜಾಗದ ಪಕ್ಕದಲ್ಲೇ ವೈರ್ ಅದುರಿ ಅದುರಿ ಮುರಿಯುತ್ತದೆ. ಇಸಿಯುಗೆ ಕೊಡುವ 12 ವೋಲ್ಟ್ ಸೆಲ್ಫ್ ಹೊಡೆಯುವಾಗಲೂ ಇರಬೇಕು. ಕೀ ಆನ್‌ನಲ್ಲಿ ಬಂದು ಸೆಲ್ಫ್ ಹೊಡೆದ ತಕ್ಷಣ ಹೋಗುವ ಲೈನ್ ಹಿಡಿದರೆ ಗಾಡಿ ಸ್ಟಾರ್ಟೇ ಆಗಲ್ಲ. ವಿಟೆಕ್ ಸೊಲೆನಾಯ್ಡ್ (ಆರ್‌ಪಿಎಂ ಏರಿದಾಗ ವಾಲ್ವ್ ಇನ್ನಷ್ಟು ತೆರೆಯುವ ಹಾಗೆ ಆಯಿಲ್‌ಗೆ ದಾರಿ ಬಿಡುವ ಕರೆಂಟ್ ಕವಾಟ) ಬಗ್ಗೆ ಎಚ್ಚರ. ಅದಕ್ಕೆ ಒಂದೇ ವೈರ್, 12 ವೋಲ್ಟ್ ಕೊಟ್ಟರೆ ತೆರೆಯುತ್ತದೆ. ಹೆಚ್ಚಿನ ಹೊಸ ಇಸಿಯುಗಳ ಔಟ್‌ಪುಟ್ ಅರ್ತ್ ಮಾತ್ರ ಕೊಡುತ್ತದೆ. ಹಾಗಾಗಿ ನಡುವೆ ಒಂದು ರಿಲೇ ಹಾಕಲೇಬೇಕು.

ಅರ್ತಿಂಗ್ ವಿಷಯದಲ್ಲಿ ನಾನು ಎರಡು ದಿನ ಕಳೆದುಕೊಂಡೆ. ಗಾಡಿ ಚೆನ್ನಾಗಿಯೇ ಐಡಲ್ ಆಗುತ್ತಿತ್ತು. ರೇಡಿಯೇಟರ್ ಫ್ಯಾನ್ ತಿರುಗಿದ ಕೂಡಲೇ ಸ್ಕ್ರೀನ್ ಮೇಲೆ ಕೂಲಂಟ್ ಬಿಸಿ 93ರಿಂದ 86ಕ್ಕೆ ಇಳಿಯುತ್ತಿತ್ತು, ಇಂಜಿನ್ ಮಿಸ್ ಹೊಡೆಯುತ್ತಿತ್ತು, ಫ್ಯಾನ್ ನಿಂತರೆ ಎಲ್ಲ ಸರಿ. ಸೆನ್ಸರ್ ಬದಲಾಯಿಸಿದೆ, ಮತ್ತೆ ಅದೇ. ಕೊನೆಗೆ ಅರ್ತ್ ಬೋಲ್ಟ್ ಬಿಚ್ಚಿ ನೋಡಿದರೆ ರಿಂಗ್ ಕೆಳಗೆ ಬಾಡಿ ಪೇಂಟ್ ಹಾಗೇ ಇತ್ತು, ಥ್ರೆಡ್ ಜಾಗದಲ್ಲಿ ಮಾತ್ರ ಕೂದಲೆಳೆಯಷ್ಟು ಲೋಹ ತಾಗುತ್ತಿತ್ತು. ಉಪ್ಪು ಕಾಗದದಲ್ಲಿ ಉಜ್ಜಿ ಬೆಳ್ಳಗೆ ಮಾಡಿ, ಪವರ್ ಅರ್ತ್ ಎಲ್ಲ ಇಂಜಿನ್ ಹೆಡ್‌ಗೇ ತಂದು ಕಟ್ಟಿದೆ. ಸೆನ್ಸರ್‌ಗಳ ಅರ್ತ್ ಮಾತ್ರ ಬಾಡಿಗೆ ಕೊಡಬೇಡಿ, ಅದು ನೇರ ಇಸಿಯುನ ಸೆನ್ಸರ್ ಅರ್ತ್ ಪಿನ್‌ಗೇ ಹೋಗಬೇಕು.

ಇಸಿಯು ಬಾಕ್ಸ್ ಬಾನೆಟ್ ಕೆಳಗೆ ಬೇಡ, ಡ್ಯಾಶ್‌ಬೋರ್ಡ್ ಒಳಗೆ ಇಡಿ. ಸಂಡೂರು, ತೋರಣಗಲ್ಲು ಕಡೆ ಓಡಿದ ಗಾಡಿಯ ಕನೆಕ್ಟರ್ ಬಿಚ್ಚಿ ನೋಡಿ, ಒಳಗೆಲ್ಲ ಕೆಂಪು ಅದಿರಿನ ಧೂಳು ಕೂತಿರುತ್ತದೆ. ರಬ್ಬರ್ ಸೀಲ್ ಇರುವ ಕನೆಕ್ಟರೇ ಹಾಕಿ.

ಇನ್ನು ಸೆನ್ಸರ್. ಬೆಳಗ್ಗೆ ತಣ್ಣಗಿರುವಾಗ ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಕೂಲಂಟ್ ಸೆನ್ಸರ್ ಮತ್ತು ಗಾಳಿ ಸೆನ್ಸರ್ ಎರಡೂ ಹೆಚ್ಚುಕಡಿಮೆ ಒಂದೇ ಡಿಗ್ರಿ ತೋರಿಸಬೇಕು. ಮ್ಯಾಪ್ ಸೆನ್ಸರ್ (ಇಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ಈಗ ಹೊರಗಿನ ಗಾಳಿಯ ಒತ್ತಡ ತೋರಿಸಬೇಕು. ಬಹಳಷ್ಟು ಕಡೆ 101 ಕೆಪಿಎ (ಒತ್ತಡದ ಅಳತೆ) ಅಂತ ಬರೆದಿರುತ್ತಾರೆ, ಅದು ಸಮುದ್ರ ಮಟ್ಟದ ಲೆಕ್ಕ. ಬಳ್ಳಾರಿ ಹತ್ತಿರ ಹತ್ತಿರ 500 ಮೀಟರ್ ಎತ್ತರದಲ್ಲಿದೆ, ಇಲ್ಲಿ 95-96 ಬಂದರೆ ಸರಿ. 101 ಬಂತು ಅಂದ್ರೆ ಕ್ಯಾಲಿಬ್ರೇಷನ್ ತಪ್ಪಿದೆ ಅಂತ ಅರ್ಥ.

ಆಮೇಲೆ ಇಂಜೆಕ್ಟರ್ ಸಾಕೆಟ್ ಕಿತ್ತಿಟ್ಟು ಸೆಲ್ಫ್ ಹೊಡೆಯಿರಿ. ಸ್ಕ್ರೀನ್ ಮೇಲೆ ಆರ್‌ಪಿಎಂ ಕುಣಿಯದೆ ಒಂದೇ ಸಮ ಬರಬೇಕು. ಸಾಫ್ಟ್‌ವೇರಲ್ಲಿ ಟೈಮಿಂಗ್ (ಪಿಸ್ಟನ್ ತುದಿ ಮುಟ್ಟುವ ಎಷ್ಟು ಡಿಗ್ರಿ ಮುಂಚೆ ಕಿಡಿ ಹಾರಬೇಕು ಅನ್ನೋದು) 10 ಡಿಗ್ರಿಗೆ ಲಾಕ್ ಮಾಡಿ, ಟೈಮಿಂಗ್ ಲೈಟ್ ಹಿಡಿದು ಪುಲ್ಲಿ ಮೇಲಿನ ಗುರುತು ನೋಡಿ. ಪುಲ್ಲಿಯಲ್ಲೂ 10 ಕಾಣೋವರೆಗೆ ಆಫ್‌ಸೆಟ್ ಸರಿಮಾಡಿ. ಸ್ಟಾರ್ಟ್ ಆದ ಮೇಲೆ 3000 ಆರ್‌ಪಿಎಂಗೆ ಏರಿಸಿ ಮತ್ತೆ ನೋಡಿ. ಗುರುತು ಜಾರುತ್ತಿದ್ದರೆ ಆರ್‌ಪಿಎಂ ಸೆನ್ಸರ್‌ನ ಎರಡು ವೈರ್ ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ ದಯವಿಟ್ಟು. ಸ್ಕ್ರೀನ್ 25 ಡಿಗ್ರಿ ಅನ್ನುತ್ತಿರುವಾಗ ಇಂಜಿನ್‌ನಲ್ಲಿ 35 ಇದ್ದರೆ ಪಿಸ್ಟನ್ ತೂತಾಗುತ್ತದೆ.

ಪೆಟ್ರೋಲ್ ಲೆಕ್ಕಕ್ಕೆ ವೈಡ್‌ಬ್ಯಾಂಡ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವುದು) ಬೇಕೇ ಬೇಕು. ಎಎಫ್‌ಆರ್ (ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ) ಬಿಟ್ಟು ಲ್ಯಾಂಬ್ಡಾದಲ್ಲಿ ಯೋಚನೆ ಮಾಡಿ. ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ ಇದ್ದರೆ ಲ್ಯಾಂಬ್ಡಾ 1, ಅದಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ. ಶುದ್ಧ ಪೆಟ್ರೋಲಿಗೆ 14.7 ಸರಿ, ಆದರೆ ಈಗ ಬಂಕಲ್ಲಿ ಸಿಗೋದು 20% ಎಥನಾಲ್ ಬೆರೆತದ್ದು, ಅದಕ್ಕೆ ಸುಮಾರು 13.5. ಲ್ಯಾಂಬ್ಡಾ 1 ಅಂದರೆ ಎರಡಕ್ಕೂ 1. ಐಡಲ್, ನಿಧಾನ ಓಟಕ್ಕೆ 1ರ ಆಸುಪಾಸು, ಟರ್ಬೊ ಇಲ್ಲದ ಇಂಜಿನ್ ಫುಲ್ ಥ್ರಾಟಲ್‌ಗೆ 0.86ರಿಂದ 0.88 ಇಟ್ಟು ಶುರು ಮಾಡಿ. ಹಳೇ ರಬ್ಬರ್ ಪೆಟ್ರೋಲ್ ಪೈಪ್‌ಗಳಿಗೆ ಎಥನಾಲ್ ಆಗಿಬರಲ್ಲ, ಅವನ್ನೂ ಇದೇ ಸಮಯದಲ್ಲಿ ಬದಲಾಯಿಸಿಬಿಡಿ.

ಫುಲ್ ಥ್ರಾಟಲ್ ಟ್ಯೂನ್ ಡೈನೋ (ಗಾಡಿ ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೇ ಆಗಬೇಕು. ಸಿರುಗುಪ್ಪ ರೋಡಲ್ಲಿ ಭತ್ತದ ಟ್ರ್ಯಾಕ್ಟರ್ ಯಾವ ಗದ್ದೆಯಿಂದ ಹೊರಗೆ ಬರುತ್ತದೋ ಹೇಳೋಕಾಗಲ್ಲ, ಅಲ್ಲಿ ಲ್ಯಾಪ್‌ಟಾಪ್ ನೋಡುತ್ತಾ 6000 ಆರ್‌ಪಿಎಂ ಎಳೆಯೋದು ಬೇರೆಯವರ ಜೀವದ ಜೊತೆ ಆಟ.

ಡೈನೋಗೆ ತಂಪು ಹೊತ್ತಲ್ಲಿ ಹೋಗಿಬಂದರೆ ನಮ್ಮೂರಿನ ಏಪ್ರಿಲ್, ಮೇ ಬಿಸಿಲಿಗೆ ಆ ಟೈಮಿಂಗ್ ಜಾಸ್ತಿಯಾಗುತ್ತದೆ. ನೆರಳಲ್ಲೇ 40 ದಾಟುತ್ತದೆ, ಬಾನೆಟ್ ಒಳಗಿನ ಬಿಸಿ ಇನ್ನೂ ಮೇಲೆ. ಗಾಳಿ ಬಿಸಿಯಾದ ಹಾಗೆ ಟೈಮಿಂಗ್ ತಗ್ಗಿಸುವ ಟೇಬಲ್ ಹೆಚ್ಚಿನ ಇಸಿಯುಗಳಲ್ಲಿ ಇರುತ್ತದೆ, ಅದನ್ನು ಸೊನ್ನೆ ಬಿಟ್ಟಿರಬೇಡಿ. ನಾವು ಗಾಳಿಯ ಬಿಸಿ 45 ಡಿಗ್ರಿ ದಾಟಿದ ಮೇಲೆ ಮೆಲ್ಲಗೆ ಇಳಿಸಲು ಶುರು ಮಾಡಿ, ಬಿಸಿ 70 ಆಗುವಾಗ ಟೈಮಿಂಗ್ 5 ಡಿಗ್ರಿ ತಗ್ಗಿಸಿದ್ದೇವೆ. ಒಂದು ವಾರ ಓಡಿಸಿದ ಮೇಲೆ ಪ್ಲಗ್ ಬಿಚ್ಚಿ, ಬಿಳಿ ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿ ಕಂಡರೆ ನಾಕಿಂಗ್ (ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗೇ ಹೊತ್ತಿ ಬಡಿಯೋದು) ಆಗಿದೆ. ಟೈಮಿಂಗ್ ಇನ್ನೂ 2 ಡಿಗ್ರಿ ಇಳಿಸಿ, ಹೊಸ ಪ್ಲಗ್ ಹಾಕಿ ಮತ್ತೆ ನೋಡಿ.