ವಲಿಯಪರಂಬ ಹಿನ್ನೀರಿನಲ್ಲಿ 25 ಜನರ ಬೋಟ್ ಕೂಟ: ನನ್ನ ಅನುಭವ

ಬೋಟಿನಲ್ಲಿ ಕೂಟ ಇಡಬೇಕೆನ್ನುವವರು ಮೊದಲು ಬಾಡಿಗೆ ಕೇಳುತ್ತಾರೆ, ಆಮೇಲೆ ಊಟ, ಆಮೇಲೆ ಅಲಂಕಾರ. ನಾನು ಮೊದಲು ನೋಡುವುದು ಆ ದಿನ ಕಡಲಿನ ಉಬ್ಬರ ಎಷ್ಟು ಗಂಟೆಗೆ ಎಂದು. ಅದು ಗೊತ್ತಾಗದೆ ತಾರೀಕು ನಿಶ್ಚಯಿಸುವುದಿಲ್ಲ.

ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ನಮ್ಮವರ ಷಷ್ಟಿಪೂರ್ತಿಗೆ, ಮದುವೆಯ 25ನೇ ವರ್ಷದ ಕೂಟಕ್ಕೆ ನೀಲೇಶ್ವರದ ಕೋಟ್ಟಪ್ಪುರಂ ಜೆಟ್ಟಿ ಅನುಕೂಲ. ಕಾಸರಗೋಡು ಪೇಟೆಯಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತೆಂಕಕ್ಕೆ ಸುಮಾರು 35–40 ಕಿ.ಮೀ. ಅಲ್ಲಿಂದ ಹೊರಟ ಹೌಸ್‌ಬೋಟ್ ತೇಜಸ್ವಿನಿ ಹೊಳೆ ಸೇರುವ ಜಾಗ ದಾಟಿ ವಲಿಯಪರಂಬ ಹಿನ್ನೀರಿಗೆ ಹೋಗುತ್ತದೆ. ಪಡುವಣದಲ್ಲಿ ಉದ್ದಕ್ಕೆ ಚಾಚಿದ ಮರಳುದ್ವೀಪ, ಅದರಾಚೆ ಕಡಲು. ನೀರು ಶಾಂತ, ಆದರೆ ಅಳಿವೆಯ ಮೂಲಕ ಕಡಲಿನ ಏರಿಳಿತ ಒಳಗೂ ಬರುತ್ತದೆ.

ಒಂದು ಉಬ್ಬರದಿಂದ ಇಳಿತಕ್ಕೆ ಹೆಚ್ಚುಕಮ್ಮಿ 6 ಗಂಟೆ 12 ನಿಮಿಷ. ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಒಟ್ಟು ಏರಿಳಿತವನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕರಲ್ಲಿ 3–3, ಐದರಲ್ಲಿ 2, ಆರರಲ್ಲಿ 1. ಉಬ್ಬರದ ಹೊತ್ತಿಗೆ ಸುಲಭವಾಗಿ ಹತ್ತಿದರೆ ಆರು ಗಂಟೆ ಕಳೆದು ಇಳಿಯುವಾಗ ಬೋಟಿನ ನೆಲ ಜೆಟ್ಟಿಗಿಂತ ತೀರ ಕೆಳಗಿರುತ್ತದೆ, ದಾಟುವ ಹಲಗೆ ಕಡಿದಾಗುತ್ತದೆ. ಮೊಣಕಾಲು ನೋವಿನ ಅಜ್ಜಿಯನ್ನು ಎತ್ತಿ ದಾಟಿಸಬೇಕಾಗುವುದು ಆಗಲೇ. ಅದಕ್ಕೆ ಉಬ್ಬರ ಮಧ್ಯಾಹ್ನ ಒಂದು ಗಂಟೆಯ ಆಸುಪಾಸಿಗೆ ಬೀಳುವ ದಿನವನ್ನೇ ಹುಡುಕುತ್ತೇನೆ. ಹತ್ತು ಗಂಟೆಗೆ ಹತ್ತುವಾಗಲೂ ನಾಲ್ಕಕ್ಕೆ ಇಳಿಯುವಾಗಲೂ ನೀರು ಅರ್ಧ ಮಟ್ಟದಲ್ಲಿರುತ್ತದೆ. ದೂರದ ಆಳ ಕಡಮೆಯ ಜಾಗಗಳಲ್ಲಿರುವಾಗ ನೀರು ತುಂಬಿರುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಇಂಥ ದಿನ ಹದಿನೈದು ದಿನಕ್ಕೊಮ್ಮೆಯಾದರೂ ಸಿಗುತ್ತದೆ.

ಮಂಗಳೂರಿನ ಉಬ್ಬರ ಪಟ್ಟಿಯನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಅಳಿವೆಯಿಂದ ಒಳಗೆ ಹೋದಷ್ಟೂ ನೀರು ತಡವಾಗಿ ಏರುತ್ತದೆ. ಎಷ್ಟು ತಡ ಎಂದು ಬೋಟು ನಡೆಸುವ ಸ್ರಾಂಕ್‌ಗೆ ಗೊತ್ತು. 'ವೇಲಿಯೇಟ್ಟಂ ಎಪ್ಪೋಳಾ ಚೇಟ್ಟಾ' (ಉಬ್ಬರ ಯಾವಾಗ ಅಣ್ಣಾ) ಎಂದು ಮಲಯಾಳದಲ್ಲಿ ಕೇಳಿದರೆ ನಿಖರವಾಗಿ ಹೇಳುತ್ತಾರೆ. ಬೆಳದಿಂಗಳ ಆಸೆಗೆ ಹುಣ್ಣಿಮೆಯನ್ನೇ ಹಿಡಿಯುವವರಿದ್ದಾರೆ. ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತ ಏರಿಳಿತ ಅತಿ ಹೆಚ್ಚು. ಇಳಿತದಲ್ಲಿ ಬೋಟು ನೀರಡಿಯ ದಿಣ್ಣೆಗೆ ತಾಗುವ ಸಂಭವವೂ ಹೆಚ್ಚು. ಅಷ್ಟಮಿ ಕಳೆದ ಒಂದೆರಡು ದಿನ ನೀರು ಸೌಮ್ಯ. ಎರಡು ಅಂತಸ್ತಿನ ಬೋಟಾದರೆ ಇನ್ನೊಂದು ಪ್ರಶ್ನೆ: ತುಂಬು ಉಬ್ಬರದಲ್ಲಿ ಅದು ದಾರಿಯ ಸೇತುವೆಗಳ ಅಡಿಯಲ್ಲಿ ನುಸುಳುತ್ತದೆಯೇ? ಇದನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು.

ತಿಂಗಳು ಡಿಸೆಂಬರಿನಿಂದ ಮಾರ್ಚ್ ನಡುವಿನ ತನಕ. ಅಕ್ಟೋಬರ್, ನವೆಂಬರಿನ ತುಲಾಮಳೆಯೂ ಏಪ್ರಿಲ್, ಮೇ ತಿಂಗಳ ಮಳೆಯೂ ಸಂಜೆ ಗುಡುಗು ಮಿಂಚಿನೊಂದಿಗೆ ಬರುತ್ತವೆ. ಬಯಲು ನೀರಿನಲ್ಲಿ ಮಿಂಚಿಗೆ ಮರೆಯಿಲ್ಲ.

ಇನ್ನು ಬೋಟು. ಸೋಫಾ ಚಂದವಿದೆಯೇ ಎಂದು ನೋಡುವ ಮೊದಲು ನೋಂದಣಿ ಪತ್ರ ನೋಡಿ. ಎಷ್ಟು ಜನ ಎಂಬುದು ಅದರಲ್ಲಿರುತ್ತದೆ, ಮೇಲಿನ ಅಂತಸ್ತಿಗೆ ಎಷ್ಟು ಎಂಬುದನ್ನು ಬೇರೆಯೇ ಕೇಳಿ. 25 ಅತಿಥಿಗಳೆಂದರೆ ಲೆಕ್ಕ 25 ಅಲ್ಲ. ಅಡಿಗೆಭಟ್ಟರು, ಅವರ ಸಹಾಯಕ, ಫೋಟೋದವನು ಸೇರಿ 28. ಕೈಕೂಸೂ ಒಂದು ತಲೆ. ಬೋಟಿನ ಸಿಬ್ಬಂದಿ ಆ ಸಂಖ್ಯೆಯೊಳಗೋ ಹೊರಗೋ ಎಂದು ಕೇಳಿ. ಪತ್ರದಲ್ಲಿರುವುದಕ್ಕಿಂತ ಐದಾರು ತಲೆ ಕಡಮೆ ಇರುವಂತೆಯೇ ನಾನು ಬೋಟು ಹಿಡಿಯುವುದು.

ಕಾರಣ ತೂಕ ಮಾತ್ರವಲ್ಲ, ಅದು ಇರುವ ಜಾಗ. 60 ಕಿಲೋದ 25 ಜನ ಎಂದರೆ ಒಂದೂವರೆ ಟನ್. ಆ ಭಾರ ಕೆಳ ಅಂತಸ್ತಿನಲ್ಲಿ ಹರಡಿದ್ದರೆ ಬೋಟಿಗೆ ಲೆಕ್ಕವಿಲ್ಲ. ಅದೇ ಭಾರ ಮಾಳಿಗೆ ಹತ್ತಿ ಒಂದೇ ಮಗ್ಗುಲಿಗೆ ಬಂದರೆ ಬೋಟು ವಾಲುತ್ತದೆ. ವಾಲಿದಾಗ ಜನ ಇನ್ನಷ್ಟು ಅದೇ ಕಡೆಗೆ ಜಾರುತ್ತಾರೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದಾಗ ಎರಡಂತಸ್ತಿನ ಬೋಟು ಮಗುಚಿ 45 ಮಂದಿ ತೀರಿಹೋದರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮುಳುಗಿದ್ದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿದ ಬೋಟು. ಸೂರ್ಯ ಮುಳುಗಿದ ಮೇಲೆ, ಮಿತಿಮೀರಿ ಜನ ತುಂಬಿಕೊಂಡು ಹೊರಟಿತ್ತು. 22 ಜೀವ ಹೋಯಿತು, ಅದರಲ್ಲಿ ಮಕ್ಕಳೂ ಇದ್ದರು. ಕೂಟದಲ್ಲಿ ಇಂಥ ಗಳಿಗೆ ಬರುವುದು ಗುಂಪು ಫೋಟೋ ತೆಗೆಯುವಾಗ. ಆದ್ದರಿಂದ ಗುಂಪು ಫೋಟೋವನ್ನು ಜೆಟ್ಟಿಯಲ್ಲಿ, ಹತ್ತುವ ಮೊದಲೇ ತೆಗೆಸಿಬಿಡುತ್ತೇನೆ.

ಲೈಫ್ ಜಾಕೆಟ್ ತಲೆಗೊಂದು, ಮಕ್ಕಳಿಗೆ ಮಕ್ಕಳ ಅಳತೆಯದೇ. ತೊಡಿಸಿ ಬಕಲ್ ಹಾಕಿ ಭುಜದ ಎರಡು ಪಟ್ಟಿ ಹಿಡಿದು ಮೇಲೆತ್ತಿ ನೋಡಿ. ಜಾಕೆಟ್ ಗಲ್ಲ ದಾಟಿ ಬಂದರೆ ಅದು ಆ ಮಗುವಿಗೆ ಆಗದು, ನೀರಿನಲ್ಲಿ ತಲೆಯಿಂದ ಕಳಚಿಕೊಳ್ಳುತ್ತದೆ. ಮಕ್ಕಳ ಜಾಕೆಟ್ ಎಷ್ಟಿದೆ ಎಂದು ಒಂದು ವಾರ ಮೊದಲೇ ಎಣಿಸಿ ಬನ್ನಿ.

ಊಟದಲ್ಲಿ ನಮ್ಮವರಿಗೆ ತೊಡಕು ಹೆಚ್ಚು. ಬೋಟಿನ ಅಡಿಗೆಯವರ ಕೈ ಪಳಗಿರುವುದು ಮೀನಿನ ಊಟಕ್ಕೆ, ಒಲೆಯೂ ಪಾತ್ರೆಯೂ ಅವೇ. ಶುದ್ಧ ಸಸ್ಯಾಹಾರ ಬೇಕಾದರೆ ನಮ್ಮದೇ ಭಟ್ಟರು, ನಮ್ಮದೇ ಪಾತ್ರೆ. ಈ ಒಪ್ಪಂದ ಮೊದಲೇ ಆಗಬೇಕು. ಎರಡು ಒಲೆಯ ಸಣ್ಣ ಅಡಿಗೆಮನೆಯಲ್ಲಿ ಮೊದಲಿನಿಂದ ಅಡಿಗೆ ಮಾಡಲು ಹೋದರೆ ಊಟ ಮೂರು ಗಂಟೆಯಾಗುತ್ತದೆ. ಹಾಗೆಂದು ಎಲ್ಲವನ್ನೂ ಮನೆಯಿಂದ ಮಾಡಿ ಒಯ್ದರೆ ತೆಂಗಿನಕಾಯಿ ಅರೆದು ಹಾಕಿದ್ದು ಸೆಕೆಗೆ ಹಳಸುತ್ತದೆ. ನಾನು ಕಂಡುಕೊಂಡ ದಾರಿ ಅರ್ಧ-ಅರ್ಧ. ಬೆಳಿಗ್ಗೆ ಮನೆಯಲ್ಲಿ ಅನ್ನ, ಬೇಯಿಸಿದ ಬೇಳೆ ಮತ್ತು ತರಕಾರಿ, ತೆಂಗಿಲ್ಲದ ಚಿತ್ರಾನ್ನ, ಬೆಲ್ಲ ಸೇರಿಸಿ ಕುದಿಸಿದ ಕಡ್ಲೆಬೇಳೆ ಸಿದ್ಧ. ಅರೆದ ಮಸಾಲೆಯೂ ತೆಂಗಿನಹಾಲೂ ಐಸ್ ಪೆಟ್ಟಿಗೆಯಲ್ಲಿ ಬೇರೆ. ಬೋಟಿನಲ್ಲಿ ಅವನ್ನು ಕೂಡಿಸಿ ಒಂದು ಕುದಿ, ಒಗ್ಗರಣೆ. ತೆಂಗಿನಹಾಲು ಮಾತ್ರ ಒಲೆ ಆರಿಸುವ ಹೊತ್ತಿಗೆ. ಮುಕ್ಕಾಲು ಗಂಟೆ ಸಾಕು.

ಬೋಟಿನವರೂ ಸೇರಿ 30 ಎಲೆಗೆ ಅಕ್ಕಿ ನಾಲ್ಕು ಕಿಲೋ. ಪಾಯಸಕ್ಕೆ ಮುಕ್ಕಾಲು ಕಿಲೋ ಕಡ್ಲೆಬೇಳೆ, ಒಂದೂವರೆ ಕಿಲೋ ಬೆಲ್ಲ, ಐದು ತೆಂಗಿನಕಾಯಿ. ಕುಡಿಯುವ ನೀರು ತಲೆಗೆ ಎರಡೂವರೆ ಲೀಟರ್, 20 ಲೀಟರಿನ ನಾಲ್ಕು ಕ್ಯಾನ್. ಮಜ್ಜಿಗೆ ಎಷ್ಟಿದ್ದರೂ ಮುಗಿಯುತ್ತದೆ. ಕೇರಳದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ 2020ರ ಜನವರಿ 1ರಿಂದ ನಿಷೇಧವಿದೆ. ನಮ್ಮೂರಲ್ಲಿ ಅಡಕೆ ಹಾಳೆಯ ತಟ್ಟೆಗೆ ಬರವಿಲ್ಲ. ಭಾರವೂ ಇರುವುದರಿಂದ ಮಧ್ಯಾಹ್ನ ಏಳುವ ಪಡುಗಾಳಿಗೆ ಕಾಗದದ ತಟ್ಟೆಯಂತೆ ಹಾರುವುದಿಲ್ಲ. ಬಡಿಸುವಾಗ ಬೋಟು ದಡಕ್ಕೆ ಕಟ್ಟಿ ನಿಂತಿರಬೇಕು. ಪಕ್ಕದಲ್ಲೊಂದು ಬೋಟು ಹಾದುಹೋದರೆ ಅದರ ಅಲೆಗೆ ಬಿಸಿ ಸಾರು ಬಡಿಸುವವರ ಕೈಮೇಲೆ ಬೀಳುತ್ತದೆ.

ಬೆಂಕಿ ಅಡಿಗೆಮನೆಯಲ್ಲಿ ಮಾತ್ರ. ಹೌಸ್‌ಬೋಟಿನ ಮಾಡು ಬಿದಿರು ಮತ್ತು ಚಾಪೆಯದು, ಒಣಗಿ ಗರಿಗರಿಯಾಗಿರುತ್ತದೆ. ಆರತಿಯನ್ನು ಜೆಟ್ಟಿಯಲ್ಲೇ ಮುಗಿಸಿ, ಕೇಕಿನ ಮೇಲೆ ಮೇಣದಬತ್ತಿ ಬೇಡ. ಬಲೂನು ಕೂಡ ಬೇಡ, ಒಡೆದದ್ದು ನೀರಿಗೆ ಬೀಳುತ್ತದೆ. ಮಾವಿನೆಲೆ, ಸೇವಂತಿಗೆ, ಎಳೆ ತೆಂಗಿನಗರಿ ಕಣ್ಣಿಗೂ ತಂಪು. ಬೋಟಿನ ಜನರೇಟರಿಗೆ ಎ.ಸಿ.ಯೇ ದೊಡ್ಡ ಹೊರೆ. ಅದರ ಮೇಲೆ 2000 ವಾಟಿನ ಇಂಡಕ್ಷನ್ ಒಲೆ ಹಾಕಿದರೆ ಎಲ್ಲವೂ ನಿಲ್ಲುತ್ತದೆ. ಹಾಡಿಗೆ ಬ್ಯಾಟರಿಯ ಸಣ್ಣ ಸ್ಪೀಕರ್ ಸಾಕು, ನೀರಿನ ಮೇಲೆ ಸದ್ದು ಬಹುದೂರ ಹೋಗುತ್ತದೆ. ದಡದಲ್ಲಿ ಜನ ವಾಸವಿದ್ದಾರೆ.

ಒಪ್ಪಂದ ಕಾಗದದಲ್ಲಿರಲಿ: ಎಷ್ಟು ಗಂಟೆ, ಹೆಚ್ಚುವರಿ ಗಂಟೆಗೆ ಎಷ್ಟು, ಡೀಸೆಲ್ ಯಾರದು, ಶೌಚದ ಟ್ಯಾಂಕು ಖಾಲಿ ಮಾಡಿಯೇ ಬರುವರೇ, ಹವಾಮಾನ ಇಲಾಖೆ ಆರೆಂಜ್ ಅಲರ್ಟ್ ಕೊಟ್ಟರೆ ಮುಂಗಡ ವಾಪಸೋ ತಾರೀಕು ಬದಲೋ. ಈ ಕೊನೆಯದು ಬಾಯಿಮಾತಿನಲ್ಲಿದ್ದರೆ ಜಗಳ ಖಂಡಿತ.

ಡಿಸೆಂಬರ್ ನಡುವಿನಲ್ಲಿ ಆರು ದಾಟಿದ ಕೂಡಲೇ ಸೂರ್ಯ ಮುಳುಗುತ್ತಾನೆ. ನಾಲ್ಕಕ್ಕೆ ಇಳಿಯುವುದೆಂದು ಇಟ್ಟುಕೊಂಡರೆ ಒಂದು ಗಂಟೆ ತಡವಾದರೂ ಬೆಳಕು ಉಳಿದಿರುತ್ತದೆ. ಹತ್ತುವಾಗ ಹೆಸರು ಬರೆದುಕೊಂಡ ಚೀಟಿ ಹಿಡಿದು, ಇಳಿಯಲು ಹಲಗೆ ದಾಟುವಾಗ ಒಬ್ಬೊಬ್ಬರ ಹೆಸರಿಗೂ ಗೀಟು ಎಳೆಯುತ್ತೇನೆ. ಕೊನೆಯ ಹೆಸರಿಗೆ ಗೀಟು ಬಿದ್ದ ಮೇಲೆ ಬಾಕಿ ಹಣ ಕೊಡುವುದು.